ಗಾಣದ ಎಣ್ಣೆಗೊಂದು ಹೀರೋ ಎಂಟ್ರಿ

ವಿಡಿಯೋ ಶುರುವಾಗಿ ಮೂರು ನಿಮಿಷ ಕಳೆದಿತ್ತು. ಎಣ್ಣೆ ಇನ್ನೂ ಬಂದಿರಲಿಲ್ಲ.

ಅದು ಕೊಬ್ಬರಿ ಎಣ್ಣೆಯ ಜಾಹೀರಾತು. ನನ್ನ ದೊಡ್ಡಪ್ಪನ ಮಗಳು ಸವಿತಕ್ಕ ಚನ್ನರಾಯಪಟ್ಟಣದಲ್ಲಿ ಮರದ ಗಾಣ ಹಾಕಿದ್ದಾಳೆ. ಎಣ್ಣೆಯನ್ನು ಆನ್‌ಲೈನ್‌ನಲ್ಲಿ ಮಾರಬೇಕೆಂದು ಮಾಡಿಸಿದ ಮೊದಲ ವಿಡಿಯೋ ಅದು. 'ನೋಡಿ ಹೇಳು' ಎಂದು ಹಾಸನದಲ್ಲಿದ್ದ ನನಗೆ ಕಳಿಸಿದ್ದಳು. ನಾನು ಡೈರಿ ತೆರೆದಿಟ್ಟುಕೊಂಡು, ಯಾವ ನಿಮಿಷದಲ್ಲಿ ಏನು ಬರುತ್ತದೆ ಎಂದು ಬರೆದುಕೊಳ್ಳುತ್ತಾ ನೋಡಿದೆ. (ಊಟಕ್ಕೆ ಕೂತರೂ ಟೈಮ್ ಬರೆದಿಡುವವನು ಎಂದು ಮನೆಯಲ್ಲಿ ನಗುತ್ತಾರೆ. ನಗಲಿ.)

ಮೊದಲ ನಿಮಿಷ: ಗಣಪತಿ, ದೀಪ, ನಾದಸ್ವರ. ಎರಡನೆಯ ನಿಮಿಷ: ಗಣ್ಯರಿಗೆ ಶಾಲು, ಹಾರ. ಮೂರನೆಯ ನಿಮಿಷ: ಇನ್ನಷ್ಟು ಗಣ್ಯರು, ಇನ್ನಷ್ಟು ಶಾಲು. ನಾಲ್ಕು ಮೂಲೆಯಲ್ಲೂ ದುಂಡನೆಯ ಚೌಕಟ್ಟಿನೊಳಗೆ ನೆಂಟರ ಮುಖಗಳು, ಕೆಳಗೆ 'ಶುಭ ಕೋರುವವರು'. ಮೇಲಿಂದ ಗುಲಾಬಿ ದಳಗಳ ಸುರಿಮಳೆ. ಕಟ್ಟಕಡೆಗೆ ಬಾಟಲಿ ಬಂತು. ರೆಪ್ಪೆ ಮಿಟುಕಿಸಿದ್ದರೆ ತಪ್ಪಿಹೋಗುತ್ತಿತ್ತು. ಅದಕ್ಕೂ ಒಂದು ಪುಟ್ಟ ಹಾರ ಹಾಕಿದ್ದರು.

ವಿಡಿಯೋ ಮಾಡಿದವನು ಹೊಳೆನರಸೀಪುರದ ಕಡೆ ಮದುವೆ ವಿಡಿಯೋ ಮಾಡುವ ಹುಡುಗ. ಅವನದೇನು ತಪ್ಪು? ನಮ್ಮ ಕಡೆ ಬೀಡಾ ಅಂಗಡಿ ತೆರೆದರೂ ರಸ್ತೆ ಬದಿ ಫ್ಲೆಕ್ಸ್ ಏಳುತ್ತದೆ. ಅದರಲ್ಲಿ ಅಂಗಡಿ ಎಲ್ಲಿದೆ ಎಂದು ಇರುವುದಿಲ್ಲ, ಭಾವಮೈದುನನ ಫೋಟೋ ಇರುತ್ತದೆ. ಒಂದು ಮುಖ ಬಿಟ್ಟುಹೋದರೆ ಮುಂದಿನ ಮದುವೆಯವರೆಗೂ ಮಾತಿಲ್ಲ, ಕತೆಯಿಲ್ಲ. ಅದೇ ಫ್ಲೆಕ್ಸನ್ನು ನಾವು ಫೋನಿನೊಳಕ್ಕೆ ತುರುಕಿದ್ದೆವು.

ಲೈಕ್‌ಗಳು ಧಾರಾಳವಾಗಿ ಬಂದವು. ಎಲ್ಲವೂ ನೆಂಟರವು. ಎಣ್ಣೆ ಕೇಳಿದವರು? ಯಾರೂ ಇಲ್ಲ.

ಸವಿತಕ್ಕನಿಗೆ ಇದು ಹುಡುಗಾಟವಾಗಿರಲಿಲ್ಲ. ಗಾಣ ಇರುವ ಶೆಡ್ ಅವಳ ಮಾವ ನಂಜಪ್ಪನವರದು. ಒಂದು ಕಾಲಕ್ಕೆ ತೆಂಗಿನಕಾಯಿ ಪೇರಿಸುತ್ತಿದ್ದ ಜಾಗ, ಹೈವೇಗೆ ಹತ್ತಿರ. ಟೈರ್ ಅಂಗಡಿಯವರೊಬ್ಬರು ಅದನ್ನು ಬಾಡಿಗೆಗೆ ಕೇಳಿಯಾಗಿತ್ತು. 'ಯುಗಾದಿ ಗಂಟ ನೋಡಾನ, ನಡೀನಿಲ್ಲ ಅಂದ್ರೆ ಗಾಣ ಬಿಚ್ಚಾಕವ್ವ' ಎಂದಿದ್ದರು ಮಾವ.

ಮುಂದಿನ ಶುಕ್ರವಾರ ಅಕ್ಕ ಖಾಲಿ ಬಾಟಲಿ ಕೊಳ್ಳಲು ಹಾಸನಕ್ಕೆ ಬಂದಳು. ಮುಖ ಸಪ್ಪಗಿತ್ತು. ಬಸ್ಸಿಗೆ ಹೊತ್ತಿದೆ ಎಂದು ಮ್ಯಾಟಿನಿಗೆ ಕರೆದುಕೊಂಡು ಹೋದೆ. ಹೊಸ ಪಿಕ್ಚರ್. ಪರದೆಯ ಮೇಲೆ ಕೃತಜ್ಞತೆಯ ಪಟ್ಟಿ ಓಡತೊಡಗಿತು. ಮುಗಿಯುವ ಲಕ್ಷಣ ಕಾಣಲಿಲ್ಲ. ನನ್ನ ಕಣ್ಣು ಪ್ರೇಕ್ಷಕರ ಮೇಲಿತ್ತು. ಸಾಲುಸಾಲು ತಲೆಗಳು ಬಗ್ಗಿದ್ದವು, ಎಲ್ಲರ ಮುಖಕ್ಕೂ ಫೋನಿನ ಬೆಳಕು. ಪಟ್ಟಿ ಮುಗಿದು, ಒಂದು ಮುದುಕಿಯ ಕೈಯಿಂದ ಯಾರೋ ಚೀಲ ಕಿತ್ತುಕೊಂಡು ಓಡಿದ್ದೇ ತಡ, ಅಷ್ಟೂ ತಲೆಗಳು ಎದ್ದವು.

"ಅಕ್ಕ, ಯಾರ್‍ಯಾರಿಗೆ ಥ್ಯಾಂಕ್ಸ್ ಹೇಳಿದ್ರು?" ಎಂದು ಪಿಸುಗುಟ್ಟಿದೆ.

"ಯಾವಾಗ ಯೋಳುದ್ರು?"

"ಈಗ ತಾನೇ. ಅಷ್ಟುದ್ದ ಹೆಸರು ಬಂತಲ್ಲ."

"ಅದ್ನ ಯಾರ್ಲಾ ಓದ್ತಾರೆ? ನಾನು ಪಾಪ್‌ಕಾರ್ನ್ ತಿಂತಿದ್ದೆ." ತಿನ್ನುತ್ತಿದ್ದ ಕೈ ನಿಂತಿತು. "ಅಯ್ಯೋ ನಿನ್ನ! ನನ್ ವಿಡಿಯೋ ಪೂರ್ತಿ ಅದೇ ಅಲ್ವೇನ್ಲಾ?"

"ಮನೆಗೋಗಿ ಮಾತಾಡ್ರಮ್ಮ" ಎಂದರು ಹಿಂದಿನ ಸಾಲಿನವರು.

ಆಮೇಲೆ ಅಕ್ಕ ಸಿನಿಮಾ ನೋಡಿದ ರೀತಿಯೇ ಬೇರೆ. ಹೀರೋ ಒಳ್ಳೆಯವನು, ಶಕ್ತಿವಂತ, ನೂರಕ್ಕೆ ನೂರು ಶುದ್ಧ ಎಂದು ಪಿಕ್ಚರ್‌ನಲ್ಲಿ ಯಾರೂ ಹೇಳಲಿಲ್ಲ. ಮೊದಲು ಒಬ್ಬರ ಕಷ್ಟ ತೋರಿಸಿದರು. ಆಮೇಲೆ ಬೈಕಿನ ಸದ್ದು. ಆಮೇಲೆ ಬೂಟು. ಮುಖ ಕಂಡದ್ದು ಕೊನೆಗೆ. ಅಷ್ಟರಲ್ಲಿ ಥಿಯೇಟರ್ ತುಂಬ ಶಿಳ್ಳೆ.

ಬಸ್‌ಸ್ಟ್ಯಾಂಡ್‌ನಲ್ಲಿ ಟೀ ಕುಡಿಯುವಾಗ ಅವಳೇ ಕೇಳಿದಳು. "ನಮ್ ಎಣ್ಣೆ ಯಾರ ಕಷ್ಟಕ್ಕೆ ಬತ್ತದೆ ಹೇಳು ನೋಡಾನ?"

ನನಗೆ ಹೊಳೆಯಲಿಲ್ಲ. ಅವಳಿಗೆ ಬಸ್ ಬರುವಷ್ಟರಲ್ಲಿ ಹೊಳೆದಿತ್ತು.

ಸೋಮವಾರ ಅವಳೇ ಫೋನಿನಲ್ಲಿ ತೆಗೆದ ವಿಡಿಯೋ ಹೀಗಿತ್ತು. ಅಡುಗೆಮನೆ. ಅಕ್ಕ ಅಂಗಡಿಯಿಂದ ತಂದ ಯಾವುದೋ ಎಣ್ಣೆಯ ಮುಚ್ಚಳ ತೆಗೆದು ಮೂಸುತ್ತಾಳೆ. ಇನ್ನೊಮ್ಮೆ ಮೂಸುತ್ತಾಳೆ. ಕೊಬ್ಬರಿಯ ವಾಸನೆಯೇ ಇಲ್ಲ, ಮೂಗು ಮುರಿಯುತ್ತಾಳೆ. ಕತ್ತಲು. ಗಾಣ ಕಿರುಗುಟ್ಟುವ ಸದ್ದು. ಬೀಳುತ್ತಿರುವ ಕೊಬ್ಬರಿ ಚೂರು. ಒಂದು ಹನಿ ಇನ್ನೇನು ಜಾರಬೇಕು, ಅಲ್ಲಿಗೆ ಕಟ್. 'ವಾಸನೆ ನೋಡಬೇಕಾ?' ಎಂಬ ಪ್ರಶ್ನೆ, ಫೋನ್ ನಂಬರ್. ಕೊನೆಯಲ್ಲಿ ಮಾವನ ಹೆಸರು, ಗಣ್ಯರಿಗೆಲ್ಲ ಸೇರಿ ಒಂದೇ ಸಾಲಿನ ವಂದನೆ.

ಅಂಗಡಿ ಇಟ್ಟುಕೊಂಡಿರುವ ಓದುಗರೇ, ಇದನ್ನು ಕದಿಯಿರಿ. ಟ್ರೈಲರ್ ಅಂದರೆ ಇಷ್ಟೇ. ಪೂರ್ತಿ ಕತೆ ಹೇಳಿಬಿಟ್ಟರೆ ಟಿಕೆಟ್ ಯಾರು ಕೊಳ್ಳುತ್ತಾರೆ?

ಆದರೆ ಅಕ್ಕನ ಮನೆಯಲ್ಲಿ ಬೇರೆಯೇ ಪಿಕ್ಚರ್ ಶುರುವಾಯಿತು. ಆ ಭಾನುವಾರ ನಾನೂ ಅಲ್ಲಿದ್ದೆ. ಮಾವ ಕನ್ನಡಕ ಏರಿಸಿಕೊಂಡು ವಿಡಿಯೋ ನೋಡಿದರು. ಮುಗಿದ ಮೇಲೆ ಫೋನನ್ನು ತಿರುಗಿಸಿ ಹಿಂದೆಯೂ ನೋಡಿದರು.

"ಏನವ್ವ, ನಾನು ಶಾಲು ಒದ್ಕಂಡು, ಆರ ಆಕುಸ್ಕಂಡು ನಿಂತಿದ್ನಲ್ಲ, ಎಲ್ಲೋಯ್ತು ಅದು?"

"ಕೊನೇಲಿ ನಿಮ್ಮೆಸ್ರು ಬತ್ತದಲ್ಲ ಮಾವ."

"ಎಸ್ರು ಯಾವನಿಗ್ ಬೇಕು? ನನ್ ಮಖ ನೋಡಿ ಅಷ್ಟು ಜನ ಲೈಕ್ ಒತ್ತಿದ್ರು."

"ಒತ್ತಿದ್ರು. ಒಬ್ರಾದ್ರೂ ಎಣ್ಣೆ ತಗಂಡ್ರಾ?"

ಮಾವ ನನ್ನ ಕಡೆ ತಿರುಗಿದರು. "ಎಲ್ಲಾ ನಿಂದೇ ಕಿತಾಪತಿ ಕಣ್ಲಾ. ಪಿಚ್ಚರ್ ತೋರ್ಸಿ ನಮ್ ಸೊಸೆ ತಲೆ ಕೆಡ್ಸಿದ್ದೀಯ."

ನಾನು ಕಾಫಿ ಲೋಟದೊಳಗೆ ನೋಡುತ್ತಾ ಕೂತೆ. (ಅಂಕಣಕಾರರ ಧೈರ್ಯವೆಲ್ಲ ಬರೆಯುವಾಗ ಮಾತ್ರ.)

ಅಕ್ಕ ಜಗ್ಗಲಿಲ್ಲ. ಅದನ್ನು ನೋಡಿ ಮಾವ ಒಂದು ಷರತ್ತು ಹಾಕಿದರು. "ಆಯ್ತು. ನೆಂಟ್ರಲ್ದೋರು ಯಾರಾರ ಒಬ್ರು, ಒಂದ್ಸಲ ತಗಂಡೋರು, ತಾವಾಗೇ ಇನ್ನೊಂದ್ಸಲ ತರುಸ್ಕಳ್ಳಿ. ಆಗ ಅದು ಯಾಪಾರ. ಅಲ್ಲೀಗಂಟ ಟೈರ್ ಅಂಗ್ಡಿಯೋನ್ಗೆ ಇಲ್ಲ ಅಂತ ನಾನೇಳಾಕಿಲ್ಲ."

ಮೊದಲ ಹೊರಗಿನ ಆರ್ಡರ್ ಅರಕಲಗೂಡಿನಿಂದ ಬಂತು. ಜಯಮ್ಮ ಎಂಬುವವರು. ಅಕ್ಕ ಸಂಭ್ರಮದಲ್ಲಿ ಅವತ್ತೇ ಬಾಟಲಿ ತುಂಬಿ ಪಾರ್ಸೆಲ್ ಮಾಡಿದಳು. ಒಂದು ವಾರದ ಮೇಲೆ ವಿಡಿಯೋ ಕೆಳಗೆ ಜಯಮ್ಮನವರ ಕಾಮೆಂಟ್ ಬಿತ್ತು, ಫೋಟೋ ಸಮೇತ. 'ಬಾಟಲಿ ತಳದಲ್ಲಿ ಇಷ್ಟು ಮಡ್ಡಿ. ಹಳೇ ಎಣ್ಣೆ ತುಂಬಿ ಕಳಿಸಿದ್ದೀರಾ? ವಿಡಿಯೋ ಮಾತ್ರ ಚೆನ್ನಾಗಿದೆ.'

ಹಳೆಯ ಎಣ್ಣೆಯಲ್ಲ. ಗಾಣದಿಂದ ಬಂದ ಎಣ್ಣೆ ಮೊದಲು ಕದಡಿಕೊಂಡಿರುತ್ತದೆ. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಕೆಲವು ದಿನ ಬಿಸಿಲಿಗಿಟ್ಟರೆ ಮಡ್ಡಿ ತಳಕ್ಕಿಳಿದು ತಿಳಿ ಮೇಲೆ ನಿಲ್ಲುತ್ತದೆ. ಆ ತಿಳಿಯನ್ನಷ್ಟೇ ತುಂಬಬೇಕು. ಅಕ್ಕ ಅವಸರಕ್ಕೆ ಬಿದ್ದು ಅಷ್ಟು ದಿನ ಕಾದಿರಲಿಲ್ಲ.

ಫೋನ್ ಮಾಡಿದಳು. "ಏನ್ ಮಾಡಾನ?"

"ಕಾಮೆಂಟ್ ಡಿಲೀಟ್ ಮಾಡು. ಆಯಮ್ಮನ ಹತ್ತಿರ ಫೋನಲ್ಲಿ ಮಾತಾಡು" ಎಂದೆ. ಬುದ್ಧಿವಂತರೆಲ್ಲ ಹೇಳುವುದು ಇದನ್ನೇ ಅಲ್ಲವೇ?

ಅಕ್ಕ ಬೇರೇನೋ ಕೇಳಿದಳು. "ಅವತ್ತು ಇಂಟರ್‌ವಲ್ ಬಿಟ್ಟಾಗ ಹೀರೋ ಎಲ್ಲಿದ್ನಲಾ?"

"ಬಾವಿಯೊಳಗೆ ಬಿದ್ದಿದ್ದ."

"ಜನ ಎದ್ದು ಮನೆಗೋದ್ರಾ?"

"ಇಲ್ಲ."

"ಬೋಂಡ ತಗಂಡು ಓಡ್ ಬಂದು ಕೂತ್ಕಂಡ್ರು. ಎಂಗೆ ಮೇಲಕ್ಕೆ ಬತ್ತಾನೆ ಅಂತ ನೋಡಕ್ಕೆ. ನಾನ್ ಡಿಲೀಟ್ ಮಾಡಾಕಿಲ್ಲ ಕಣೋ."

ಫೋನ್ ಇಟ್ಟಳು.

ಮಾರನೆಯ ದಿನದ ವಿಡಿಯೋದಲ್ಲಿ ಗುಲಾಬಿ ದಳವಿಲ್ಲ, ಸಂಗೀತವಿಲ್ಲ. ಅಕ್ಕ ಮನೆಯಲ್ಲಿ ಉಡುವ ಸೀರೆಯಲ್ಲೇ ನಿಂತು, ಮಡ್ಡಿ ಕೂತ ಬಾಟಲಿಯೊಂದನ್ನು ಬೆಳಕಿಗೆ ಹಿಡಿದಿದ್ದಳು. "ಅರಕಲಗೂಡಿನ ಜಯಮ್ಮೋರು ಹೇಳಿದ್ದು ಸರಿ. ಇದು ಹಳೇ ಎಣ್ಣೆ ಅಲ್ಲ, ಆದ್ರೆ ನಾನು ಕಾಯದೆ ತುಂಬಿದ್ದು ತಪ್ಪು. ಇವತ್ತು ತೆಗೆದ ಎಣ್ಣೇನ ನಿಮ್ಮ ಕಣ್ಣೆದುರಿಗೇ ಬಿಸಿಲಿಗೆ ಇಡ್ತೀನಿ. ತಿಳಿಯಾದ ಮೇಲೆ ಮೊದಲ ಬಾಟಲಿ ಜಯಮ್ಮೋರಿಗೆ."

ಶೂಟಿಂಗ್ ನಡೆಯುವಾಗ ಮಾವ ಜಗಲಿಯ ಮೇಲಿದ್ದರಂತೆ. "ತಪ್ಪಾಗದೆ ಅಂತ ಊರ್ಗೆಲ್ಲಾ ಸಾರ್ತಾರೇನವ್ವ ಯಾರಾದ್ರೂ?" ಎಂದರಂತೆ.

"ನಾನು ಸಾರ್ತೀನಿ ಮಾವ" ಎಂದಳಂತೆ.

ಆಮೇಲೆ ದಿನಾ ಒಂದು ಚಿಕ್ಕ ವಿಡಿಯೋ. ಅದೇ ಪಾತ್ರೆಯಿಂದ ಒಂದು ಗಾಜಿನ ಲೋಟಕ್ಕೆ ಎಣ್ಣೆ, ಲೋಟದ ಹಿಂದೆ ಒಂದು ಕ್ಯಾಲೆಂಡರ್. ಮೊದಲ ದಿನ ಕ್ಯಾಲೆಂಡರ್‌ನ ಅಂಕಿ ಕಾಣಲಿಲ್ಲ. ಮರುದಿನ ಮಸುಕಾಗಿ ಕಂಡಿತು. ನೋಡುಗರು ಕೇಳತೊಡಗಿದರು: 'ತಿಳಿಯಾಯ್ತಾ ಅಕ್ಕ?' 'ಇನ್ನೂ ತುಂಬಿಲ್ವಾ?' ದುದ್ದ ಊರಿನ ಕಡೆಯವರೊಬ್ಬರು 'ಅವಸರ ಮಾಡ್ಬ್ಯಾಡಿ, ನಾವ್ ಕಾಯ್ತೀವಿ' ಎಂದು ಬರೆದರು. ಎಣ್ಣೆ ತಿಳಿಯಾಗುವುದನ್ನು ಜನ ಧಾರಾವಾಹಿಯ ಹಾಗೆ ನೋಡುತ್ತಾರೆಂದು ಯಾರಾದರೂ ಊಹಿಸಿದ್ದರೇ? ಅಂಕಿ ಸ್ಪಷ್ಟವಾಗಿ ಕಂಡ ದಿನ ಬಾಟಲಿ ಅರಕಲಗೂಡಿನ ಬಸ್ ಹತ್ತಿತು. ಅದರ ಹಿಂದೆಯೇ ಹೊಸಬರ ಆರ್ಡರ್‌ಗಳೂ ಬಂದವು.

ಆದರೆ ಮಾವನ ಷರತ್ತು ಹೊಸಬರದಲ್ಲವಲ್ಲ, ಎರಡನೆಯ ಸಲ ತರಿಸಿಕೊಳ್ಳುವವರದು. ಜಯಮ್ಮನವರಿಂದ 'ತಲುಪಿತು' ಎಂಬ ಒಂದು ಪದ ಬಿಟ್ಟರೆ ಸದ್ದಿಲ್ಲ. ಯುಗಾದಿ ಹತ್ತಿರ ಬಂತು. ಟೈರ್ ಅಂಗಡಿಯವರು ಬಂದು ಶೆಡ್ಡಿನ ಉದ್ದಗಲ ಅಳತೆ ಹಿಡಿದುಕೊಂಡು ಹೋದರು. ಅವರು ಟೇಪ್ ಎಳೆಯುತ್ತಿದ್ದಾಗಲೂ ಅಕ್ಕ ಗಾಣ ನಿಲ್ಲಿಸಲಿಲ್ಲ. ಕೊಬ್ಬರಿ ಸುರಿಯುತ್ತಲೇ ಇದ್ದಳು.

ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಜಯಮ್ಮನವರ ವಾಯ್ಸ್ ಮೆಸೇಜ್ ಬಂತು. ಅಕ್ಕ ಅದನ್ನು ಮಾವನ ಮುಂದೆಯೇ ಹಾಕಿದಳು.

"ಎಣ್ಣೆ ಮುಗೀತಾ ಬಂತು ಕಣಮ್ಮ. ಎರಡು ಬಾಟ್ಲಿ ಕಳ್ಸು. ಒಂದು ನಮ್ ತಂಗಿಗೆ. ಈಗೀಗ ನಿನ್ ವಿಡಿಯೋ ನೋಡಕ್ಕಾಗಿಲ್ಲ, ಹಬ್ಬದ ಕೆಲಸ, ಪುರುಸೊತ್ತಿಲ್ಲ. ಬೇಗ ಕಳ್ಸು."

ಮಾವ ಇನ್ನೊಮ್ಮೆ ಹಾಕಿಸಿದರು. "ಈಯಮ್ಮ ನಮಗೇನಾರ ನೆಂಟ್ರಾ?"

"ಅಲ್ಲ ಮಾವ."

"ನಿನ್ ತೌರ್ ಕಡೆ?"

"ಅಲ್ಲವೇ ಅಲ್ಲ."

ಮಾವ ಎದ್ದು ಅಂಗಳಕ್ಕೆ ಹೋಗಿ ಫೋನ್ ಮಾಡಿದರು. ಅವರು ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆ. "ಯಜಮಾನ್ರೇ, ಶೆಡ್ ಖಾಲಿ ಇಲ್ಲ. ಬ್ಯಾರೆ ಕಡೆ ನೋಡ್ಕಳಿ. ಇಲ್ಲ ಇಲ್ಲ, ಬಾಡಿಗೆ ಮಾತಲ್ಲ. ನಮ್ ಸೊಸೆದು ಯಾಪಾರ ನಡೀತಾ ಅದೆ."

ಈ ವಾರ ನನ್ನ ಡೈರಿಯಲ್ಲಿ ಸಿನಿಮಾದಿಂದ ಕಲಿತದ್ದನ್ನೆಲ್ಲ ಸಾಲಾಗಿ ಬರೆದಿಟ್ಟಿದ್ದೆ. ಮೊದಲು ಕಷ್ಟ ತೋರಿಸು, ಎಂಟ್ರಿ ತಡವಾಗಿರಲಿ, ಬಿದ್ದದ್ದನ್ನು ಮುಚ್ಚಿಡಬೇಡ, ಇತ್ಯಾದಿ. ಎಲ್ಲವೂ ನಿಜ, ಎಲ್ಲವೂ ಬೇಕು. ಆದರೆ ಜಯಮ್ಮನವರ ಮೆಸೇಜ್ ಕೇಳಿದ ಮೇಲೆ ಆ ಪಟ್ಟಿಯ ಕೆಳಗೆ ಒಂದು ಪ್ರಶ್ನೆ ಸೇರಿಸಿದೆ. ನಿಮಗೂ ಅದನ್ನೇ ಕೇಳುತ್ತಿದ್ದೇನೆ.

ಮೊದಲ ಬಾಟಲಿಯನ್ನು ಟ್ರೈಲರ್ ಮಾರುತ್ತದೆ, ಎರಡನೆಯದನ್ನು?