ಒಂದೆಲಗವೆಂದುಕೊಂಡ ಎಲೆ

2016ರ ಬೇಸಿಗೆ. ಉಪ್ಸಾಲಾದ ನಮ್ಮ ಬಾಡಿಗೆ ಮನೆಯ ಹಿಂದೆ ಒಂದೆಲಗ ಕಂಡಾಗ ತವರೇ ಸಿಕ್ಕಷ್ಟು ಖುಷಿಯಾಯಿತು. ದುಂಡನೆಯ ಎಲೆ, ಅಂಚಿನಲ್ಲಿ ಸಣ್ಣ ಹಲ್ಲು. ಸ್ವೀಡನ್ನಿನ ಚಳಿಗಾಲವನ್ನು ಅದು ಹೇಗೆ ದಾಟಿತು ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ. ಬಸುರಿಯ ನಾಲಿಗೆಗೆ ತಂಬುಳಿ ಬೇಕಿತ್ತು. ಜೀರಿಗೆ, ಮೆಣಸಿನ ಜೊತೆ ರುಬ್ಬಿ ಮೊಸರು ಬೆರೆಸಿದೆ.

"ಯಾಕೋ ಒಗರು ಕಣೇ," ಎಂದ ಗಂಡ. ಇಲ್ಲಿನ ಮೊಸರೇ ಹಾಗೆ ಎಂದು ಅವನ ಬಾಯಿ ಮುಚ್ಚಿಸಿದೆ.

ಮರುದಿನ ಮತ್ತೆ ಕೀಳುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ನಕ್ಕರು. ಅದು 'ದಗ್‌ಕೋಪ', ಅಂದರೆ ಇಬ್ಬನಿಯ ಮೇಲಂಗಿ ಎಂದರು. ಹಿಂದಿನವರು ಹೆಂಗಸರ ಮುಟ್ಟಿನ ತೊಂದರೆಗೆ ಅದರ ಕಷಾಯ ಕುಡಿಯುತ್ತಿದ್ದರಂತೆ. ಮುಟ್ಟು ಎಂದದ್ದೇ ತಡ, ಈ ಬಸಿರೂ ಇಳಿದುಹೋದರೆ ಎಂಬ ಭಯ ಹತ್ತಿತು. ಹಿಂದಿನ ವರ್ಷ ಮೂರನೇ ತಿಂಗಳಲ್ಲೇ ಒಂದು ಮಗುವನ್ನು ಕಳೆದುಕೊಂಡಿದ್ದೆ. ಎಲ್ಲರ ಸಮಾಧಾನದ ಮಾತು ಕೇಳಿ ಸಾಕಾಗಿ, ಈ ಸಲ ಅಮ್ಮನಿಗೂ ಸುದ್ದಿ ಹೇಳಿರಲಿಲ್ಲ.

ಕಿತ್ತ ಎಲೆಯ ಸಮೇತ ಗಂಡನನ್ನು ಎಳೆದುಕೊಂಡು, ಇಲ್ಲಿ ಬಸುರಿಯರನ್ನು ಪರೀಕ್ಷಿಸುವ ಸೂಲಗಿತ್ತಿಯ ಕ್ಲಿನಿಕ್ಕಿಗೆ ಓಡಿದೆ. ಆಕೆ ಎಲೆಯನ್ನು ತಿರುಗಿಸಿ ನೋಡಿದಳು, ಯಾರಿಗೋ ಫೋನ್ ಮಾಡಿ ಕೇಳಿದಳು. ಎಳೆಯ ಎಲೆಯನ್ನು ಕೆಲವರು ಸಲಾಡಿಗೂ ಹಾಕುತ್ತಾರೆ, ಒಂದು ಊಟದಲ್ಲಿ ತಿಂದದ್ದರಿಂದ ಕೆಡುಕಾಗುವ ಸಂಭವ ಕಡಿಮೆ ಎಂದಳು. ಆದರೆ ಬಸುರಿಯರಿಗೆ ಕ್ಷೇಮ ಎಂದು ಹೇಳುವಷ್ಟು ಪರೀಕ್ಷೆ ನಡೆದಿಲ್ಲ, ಇನ್ನು ಮುಟ್ಟಬೇಡಿ. ನಮ್ಮ ಒಂದೆಲಗ ಹಾಗಲ್ಲ ಎಂದು ನಾನು ಜಂಬ ಕೊಚ್ಚಿದೆ. ಕೇಳದೆ ಅದನ್ನೂ ತಿನ್ನಬೇಡಿ ಎಂದಳು.

"ನಾನೂ ಎರಡು ಲೋಟ ಕುಡ್ದಿದೀನಿ. ನಂಗೇನಾದ್ರೂ ಪ್ರಾಬ್ಲಮ್ ಆಗತ್ತಾ, ಕೇಳು," ಎಂದ ಗಂಡ. ನಾನು ಕೇಳಲಿಲ್ಲ.

ಆಮೇಲೆ ಆಕೆ ಹೊಟ್ಟೆಯ ಮೇಲೆ ಯಂತ್ರವಿಟ್ಟಳು. ಗರಗರ ಸದ್ದಿನ ನಡುವೆ ಮಗುವಿನ ಎದೆಬಡಿತ ಕೇಳಿಸಿತು. ಹೋದ ಜೀವ ಬಂದಂತಾಯಿತು. ನಾಚಿಕೆಯಿಲ್ಲದೆ ಜೋರಾಗಿಯೇ ಅತ್ತೆ.

ಇನ್ನು ಬಚ್ಚಿಡಲು ಮನಸ್ಸಾಗಲಿಲ್ಲ. ಬಸ್ ಸ್ಟಾಪಿನಿಂದಲೇ ಅಮ್ಮನಿಗೆ ಫೋನ್ ಮಾಡಿ, ನಾಲ್ಕು ತಿಂಗಳಾಯಿತು, ಮಗು ಚೆನ್ನಾಗಿದೆ ಎಂದೆ.

"ನೀನು ಕಾಫಿ ಬಿಟ್ಟೆ ಅಂದಾಗ್ಲೇ ಗೊತ್ತಾಯ್ತು ಕಣೇ," ಎಂದಳು ಅಮ್ಮ. "ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ. ನಿನ್ ಫೋನ್ ಬಂದಾಗೆಲ್ಲಾ ಎತ್ತಕ್ಕೇ ಹೆದರಿಕೆ ಆಗ್ತಿತ್ತು."