ಕೆರೆಯಿಂದ ಚಾಪೆಲ್‌ವರೆಗೆ ಮೂವತ್ತೊಂದು ಮನೆ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗಾಜಿನ ಕಾರ್ಖಾನೆಯಲ್ಲಿ ನಾನು ಕಾಗದ ಕಾಯುವ ಕೆಲಸದಲ್ಲಿದ್ದೆ. ವೀಸಾದಲ್ಲಿ ಬರೆದದ್ದು ಡಾಕ್ಯುಮೆಂಟ್ ಕಂಟ್ರೋಲರ್ ಎಂದು. ಹೇಳಲಿಕ್ಕೆ ಗತ್ತಿನ ಹೆಸರು, ಮಾಡುವುದು ಮಾತ್ರ ಇಷ್ಟೇ: ಯಾವ ಫಾರ್ಮ್ ಹೊಸದು, ಯಾವುದು ಹಳೆಯದು ಎಂದು ನೋಡಿ ಹೊಸದನ್ನು ಹಂಚುವುದು, ಹಳೆಯದನ್ನು ಚೂರು ಮಾಡುವ ಯಂತ್ರಕ್ಕೆ ತುರುಕುವುದು. ಬೆಳಿಗ್ಗೆ ನಾನಿದ್ದ ಮಿರ್ದಿಫ್‌ನಲ್ಲಿ ಕಂಪನಿಯ ವ್ಯಾನು ಹತ್ತಿದರೆ ಉಳಿದ ನಿದ್ದೆ ಅದರಲ್ಲೇ. ಸಂಜೆ ಇಳಿಯುವಾಗ ಯಾರ ಹತ್ತಿರವೂ ಮಾತಾಡಲಿಕ್ಕೆ ಬೇಡ ಅನಿಸುತ್ತಿತ್ತು. ಜಾಗತಿಕ ಮೇಳ ಬರುತ್ತದೆಂದು ಊರೆಲ್ಲ ಎಕ್ಸ್‌ಪೋ, ಎಕ್ಸ್‌ಪೋ ಎಂದು ಕುಣಿಯುತ್ತಿದ್ದ ವರ್ಷಗಳವು. ನನಗೆ ಕುಣಿಯಲಿಕ್ಕೆ ಕಾಲಿನಲ್ಲಿ ಶಕ್ತಿ ಇರಲಿಲ್ಲ.

ನನ್ನ ಮೇಲಿದ್ದ ಮ್ಯಾನೇಜರ್ ಝೆಕ್ ದೇಶದವರು. ಅರವತ್ತರ ಹತ್ತಿರದ, ಇಲ್ಲಿ ಒಂಟಿಯಾಗಿದ್ದ ಮನುಷ್ಯ, ಆ ಬೇಸಿಗೆಗೆ ನಿವೃತ್ತಿ. ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಹಳೆಯ ಫಾರ್ಮ್ ಒಂದು ಯಾರದಾದರೂ ಮೇಜಿನ ಮೇಲೆ ಸಿಕ್ಕಿದರಂತೂ ಆ ದಿನ ನನ್ನ ಗ್ರಹಚಾರ. "ಹಳೆಯದು ಅಂದರೆ ಕಸ, ಮೇಡಂ. ಖಲಾಸ್," ಎಂದು ಇಂಗ್ಲಿಷಿಗೆ ಅರಬ್ಬಿ ಸೇರಿಸಿ ಅವರೇ ಪಾಠ ಮಾಡಿದ್ದರು. ಇದನ್ನು ಮೊದಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಒಂದು ದಿನ ಅವರು ಕೆಲವು ಹಾಳೆಗಳನ್ನು ತಂದು ನನ್ನ ಮುಂದಿಟ್ಟರು. ಪೆನ್ಸಿಲ್ ಬರಹ. ಮೇಲೆ ಅವರ ಭಾಷೆ, ಕೆಳಗೆ ಹೊರದೇಶದಲ್ಲಿ ಬೆಳೆದ ತಮ್ಮ ಮೊಮ್ಮಕ್ಕಳಿಗಾಗಿ ಇಂಗ್ಲಿಷ್. "ಆಫೀಸಿನ ಕೆಲಸ ಅಲ್ಲ. ಪುರುಸೊತ್ತಿದ್ದಾಗ ಟೈಪ್ ಮಾಡಿ," ಎಂದರು. ಪುರುಸೊತ್ತು! ಯಾವಾಗ ಇತ್ತು ನನಗೆ?

ಅದು ಅವರ ಊರಿನ ಕಥೆ. ಊರೆಂದರೆ ನಮ್ಮೂರಿನ ಇಗರ್ಜಿಗೆ ಸೇರಿದ ಒಂದು ವಾರ್ಡಿನಷ್ಟೂ ಇಲ್ಲ. ಎರಡು ಕೆರೆ, ನೀರು ಹರಿಯುವ ಒಂದು ತೋಡು, ಹಿಂದೆ ಸೂಜಿ ಎಲೆಯ ಮರಗಳ ಗುಡ್ಡ, ತುದಿಯಲ್ಲಿ ಪಾದ್ರಿಯಿಲ್ಲದ ಒಂದು ಚಾಪೆಲ್. ಚಳಿಗೆ ಮೊದಲು ಕೆರೆಯ ನೀರು ಬಿಟ್ಟು ಮೀನು ಹಿಡಿಯುತ್ತಾರೆ. ಕ್ರಿಸ್ಮಸ್ಸಿಗೆ ಅದೇ ಮೀನು. ಶಾಲೆ ಎಂದೋ ಮುಚ್ಚಿದೆ. ಕಮ್ಯುನಿಸ್ಟ್ ಪಕ್ಷದ ಸರಕಾರವಿದ್ದಾಗ ಊರನ್ನು ಪಕ್ಕದ ಪೇಟೆಗೆ ಸೇರಿಸಿಬಿಟ್ಟರಂತೆ. ಆ ಸರಕಾರ ಬಿದ್ದ ಮೇಲೆ ಜನ ಮತ ಹಾಕಿ, ನಮಗೆ ನಮ್ಮದೇ ಆಫೀಸು ಬೇಕೆಂದು ಬೇರೆಯಾದರು. ಆಫೀಸೆಂದರೆ ಒಂದು ಕೋಣೆ, ವಾರಕ್ಕೊಂದು ಸಂಜೆ ಬಾಗಿಲು ತೆರೆಯುತ್ತದೆ. ಆದರೂ ಅಲ್ಲಿ ಒಂದು ದೊಡ್ಡ ಪುಸ್ತಕವಿದೆ. ಆ ದೇಶದಲ್ಲಿ ಎಷ್ಟೇ ಚಿಕ್ಕ ಊರಾದರೂ ವರ್ಷವರ್ಷ ನಡೆದದ್ದನ್ನು ಬರೆದಿಡಲೇಬೇಕು. ಯಾರು ಸತ್ತರು, ಯಾವ ಸೇತುವೆ ಮುರಿಯಿತು, ಎಲ್ಲವನ್ನೂ.

ಅದನ್ನು ಬರೆಯುತ್ತಿದ್ದವರು ಮ್ಯಾನೇಜರರ ಅಕ್ಕ. ಜೀವಮಾನವೆಲ್ಲ ಆ ಊರಿಗೆ ಟಪಾಲು ಹಂಚಿದ ಹೆಂಗಸು. ಕೊನೆಯ ವರ್ಷ ಶುಕ್ರವಾರ ಶುಕ್ರವಾರ ಅವರು ಫೋನು ಹಿಡಿದು ತಮ್ಮ ಹಳೆಯ ಟಪಾಲು ದಾರಿಯಲ್ಲಿ, ಕೆರೆಯಿಂದ ಚಾಪೆಲ್‌ವರೆಗೆ, ನಿಧಾನಕ್ಕೆ ನಡೆಯುತ್ತ ಒಂದೊಂದೇ ಮನೆಯ ಕಥೆಯನ್ನು ತಮ್ಮನಿಗೆ ಹೇಳಿದರು. ಇಲ್ಲಿ ಮ್ಯಾನೇಜರರು ಕೈಗೆ ಸಿಕ್ಕ ಕಾಗದದಲ್ಲಿ ಬರೆದುಕೊಂಡರು. ಮೂವತ್ತೊಂದು ಮನೆ ಮುಗಿಯಿತು. ಆ ಚಳಿಗಾಲದಲ್ಲೇ ಅಕ್ಕನೂ ತೀರಿಕೊಂಡರು.

ನಾನು ಟೈಪ್ ಮಾಡಿದೆ. ನಂಬರು ಹದಿನಾಲ್ಕು, ಬೂಟು ರಿಪೇರಿಯವನು, ನಾಯಿ ಕಚ್ಚುತ್ತದೆ. ನಂಬರು ಮೂರು, ಬಾಗಿಲು ಬಡಿಯಬೇಡ, ಕಿಟಕಿ ತಟ್ಟು. ನಂಬರು ನಲವತ್ತು, ಜರ್ಮನ್ ಮಾತಾಡುವವರ ಮನೆ, ಯುದ್ಧ ಮುಗಿದ ಮೇಲೆ ಅವರನ್ನು ಗಡಿ ದಾಟಿಸಿದರು, ಈಗ ಸೇಬಿನ ಮರ ಮಾತ್ರ. ಹದಿನಾಲ್ಕಾದ ಮೇಲೆ ಮೂರು, ಮೂರಾದ ಮೇಲೆ ನಲವತ್ತು! ಇದೆಂಥ ಅವಸ್ಥೆ, ಮುದುಕರಿಗೆ ಅರಳುಮರಳು ಎಂದುಕೊಂಡೆ. ಕೊನೆಯ ಮನೆ ಬರೆದ ಮೇಲೆ ಒಂದು ಬಟನ್ ಒತ್ತಿ ನಂಬರಿನ ಪ್ರಕಾರ ಜೋಡಿಸಿ ಸೇವ್ ಮಾಡಿದೆ. ಒಂದು, ಮೂರು, ನಾಲ್ಕು, ಏಳು. ನೋಡಲಿಕ್ಕೆ ಎಷ್ಟು ಚಂದ!

ಮಾರನೆಯ ದಿನ ಆಡಿಟ್ ಇತ್ತು. ಪೆನ್ಸಿಲ್ ಹಾಳೆಗಳನ್ನು ಮಗುಚಿದರೆ ಹಿಂಬದಿಯಲ್ಲಿ ನಮ್ಮದೇ ತಪಾಸಣೆ ಫಾರ್ಮ್, ಎರಡು ವರ್ಷದ ಹಿಂದೆ ರದ್ದಾದದ್ದು. ನನ್ನ ಮೇಜಿನ ಮೇಲೆ ಹಳೆಯ ಫಾರ್ಮ್! ಆಡಿಟರ್ ಕಂಡರೆ ನನ್ನ ಕಥೆ ಮುಗಿಯಿತು. ಟೈಪಂತೂ ಆಗಿದೆಯಲ್ಲ ಎಂದು ಎಲ್ಲವನ್ನೂ ಯಂತ್ರಕ್ಕೆ ಹಾಕಿದೆ. ಎರಡು ನಿಮಿಷದ ಕೆಲಸ.

ಆಡಿಟ್ ಮುಗಿದ ಮರುದಿನ ಪ್ರಿಂಟ್ ಕೊಟ್ಟೆ. ಅವರು ಓದಿದರು, ಮತ್ತೆ ಮೊದಲಿನಿಂದ ಓದಿದರು.

"ಸಾಲು ಬದಲಾಗಿದೆ. ನನ್ನ ಹಾಳೆ ಕೊಡಿ."

"ಶ್ರೆಡ್ ಮಾಡಿದೆ, ಸರ್. ಹಳೆಯ ಫಾರ್ಮ್ ಆಗಿತ್ತು."

ಅವರು ಎದ್ದು ಯಂತ್ರದ ಚೀಲ ನೋಡಿದರು. ಖಾಲಿ. ಹಿತ್ತಲಿನ ಕಸದ ತೊಟ್ಟಿಗೆ ಹೋದರು, ನಾನೂ ಹಿಂದೆಯೇ ಓಡಿದೆ. ಬೆಳಿಗ್ಗೆಯೇ ಲಾರಿ ಬಂದು ಹೋಗಿತ್ತು. ಸುಡುವ ಬಿಸಿಲಿನಲ್ಲಿ ತೊಟ್ಟಿಯ ಅಂಚು ಹಿಡಿದು ನಿಂತು ಅವರು ಹೇಳಿದರು: ಅವರ ಕಡೆ ಮನೆಗೆ ನಂಬರು ಕೊಡುವುದು ರಸ್ತೆಯ ಸಾಲಿನಂತೆ ಅಲ್ಲ, ಕಟ್ಟಿದ ಸಾಲಿನಂತೆ. ಮೊದಲು ಕಟ್ಟಿದ್ದು ಒಂದು, ಆಮೇಲಿನದ್ದು ಎರಡು, ಅದು ಊರಿನ ಯಾವ ಮೂಲೆಯಲ್ಲಾದರೂ ಇರಲಿ.

"ನಕ್ಷೆ ಸರಕಾರದ ಹತ್ತಿರ ಇದೆ, ಮೇಡಂ. ಅಕ್ಕ ಹಿತ್ತಲು ಹಾದು, ತೋಡು ದಾಟಿ ನಡೆದ ಸಾಲು ನನ್ನ ಹತ್ತಿರ ಮಾತ್ರ ಇತ್ತು. ಊರಿಗೆ ಹೋದ ಮೇಲೆ ಅದೇ ಸಾಲಿನಲ್ಲಿ ಒಮ್ಮೆ ನಡೆಯಬೇಕೆಂದಿದ್ದೆ."

ಸತ್ತ ಹೆಂಗಸಿನ ದಾರಿಯನ್ನು ನಾನು ಅಳಿಸಿ ಹಾಕಿದ್ದೆ. ಅದೂ ಚಂದ ಕಾಣಲಿ ಎಂದು! ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹಳೆಯದು ಕಸ ಎಂದು ನನಗೆ ಕಲಿಸಿದ್ದು ತಾವೇ ಎಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆಗ ಒಂದು ವಿಷಯ ಹೊಳೆಯಿತು. ಟೈಪ್ ಮಾಡುವಾಗ ಬೇಜಾರು ಕಳೆಯಲು ನಾನು ಆ ಮನೆಗಳನ್ನು, ಹಾಳೆಯಲ್ಲಿ ಬಂದ ಸಾಲಿನಲ್ಲೇ, ನಮ್ಮೂರ ಓಣಿಯಲ್ಲಿ ಕೂರಿಸುತ್ತ ಹೋಗಿದ್ದೆ. ಇಗರ್ಜಿಯ ಗೇಟಿನ ಪಕ್ಕದ ಬೇಕರಿಯವರ ಮನೆಗೆ ಬೂಟಿನವನು. ಕಿಟಕಿ ತಟ್ಟುವ ಮನೆ ನನ್ನ ದೊಡ್ಡಮ್ಮನದ್ದು. ಸೇಬಿನ ಮರ ಶಿಲುಬೆ ಕಟ್ಟೆಯ ಹತ್ತಿರ.

"ಸರ್, ಬರೆದುಕೊಳ್ಳಿ," ಎಂದೆ.

ಒಳಗೆ ಬಂದು ಅವರು ಪೆನ್ಸಿಲ್ ಹಿಡಿದರು. ನಾನು ಕಣ್ಣು ಮುಚ್ಚಿ ನಮ್ಮ ಓಣಿಯಲ್ಲಿ ನಡೆದೆ. ಹದಿನಾಲ್ಕು, ಮೂರು, ನಲವತ್ತು, ಒಂಬತ್ತು. ಹತ್ತೊಂಬತ್ತು ಮನೆ ತಡೆಯಿಲ್ಲದೆ ಬಂತು. ಅವರ ಮುಖದಲ್ಲಿ ಜೀವ ಬಂತು. ಹತ್ತೊಂಬತ್ತನೆಯದು ನಮ್ಮ ಬಾವಿಯ ತಿರುವು.

"ಆಮೇಲೆ?"

ಆಮೇಲೆ ಏನೂ ಇಲ್ಲ. ಬಾವಿಯ ಆಚೆ ನನಗೆ ಒಂದು ಮನೆಯೂ ಕಾಣಲಿಲ್ಲ. ಹುಟ್ಟಿ ಬೆಳೆದ ಓಣಿ, ಮಾರಾಯ್ರೆ! ವರ್ಷಕ್ಕೊಮ್ಮೆ ರಜೆಗೆ ಹೋದಾಗ ಬಾವಿಯ ಈಚಿನ ನಮ್ಮ ಮನೆ, ಇಗರ್ಜಿ, ಮತ್ತೆ ಏರ್‌ಪೋರ್ಟು. ಆ ಕಡೆಗೆ ಹೋಗದೆ ಎಷ್ಟು ಕಾಲವಾಗಿತ್ತೋ! ಅವರ ಎದುರಿನಲ್ಲೇ ಊರಿನಲ್ಲಿದ್ದ ನನ್ನ ಅಕ್ಕನಿಗೆ ಫೋನು ಹಚ್ಚಿದೆ.

"ಅಕ್ಕಾ, ಬಾವಿ ದಾಟಿದ ಮೇಲೆ ಯಾರ ಮನೆ?"

"ಎಂತ ಮಾರಾಯ್ತಿ, ಡ್ಯೂಟಿ ಇಲ್ವಾ ನಿಂಗೆ? ಟೈಲರನ ಮನೆ, ಮತ್ತೆ ಪೇಂಟರನ ಮನೆ, ಮತ್ತೆ ನಾವು ಪೇರಳೆ ಕದೀತಿದ್ದ ಮನೆ. ಅಷ್ಟೂ ಮರ್ತುಹೋಯ್ತಾ? ದೇವರೇ!"

ಟೈಲರನ ಮನೆಯಲ್ಲಿ ಯಾರನ್ನು ಕೂರಿಸಿದ್ದೆ? ಯಾರನ್ನೂ ಅಲ್ಲ. ಬಾವಿಯಾಚೆ ನನ್ನ ನೆನಪಿನಲ್ಲಿ ಓಣಿಯೇ ಇಲ್ಲದ ಮೇಲೆ ಬರೇ ಬೆರಳು ಟೈಪ್ ಮಾಡಿತ್ತು, ನಾನಲ್ಲ. ಹನ್ನೆರಡು ಮನೆಗಳು ಹಾಗೆ ಹೋದವು. ಅಕ್ಕ ಲೈನಿನಲ್ಲಿ ಇನ್ನೂ ಹೇಳುತ್ತಲೇ ಇದ್ದಳು.

"ಸಾಕು ಮೇಡಂ," ಎಂದು ಅವರು ಪೆನ್ಸಿಲ್ ಕೆಳಗಿಟ್ಟರು.

ಬೇಸಿಗೆಯಲ್ಲಿ ಅವರು ಹೊರಟರು. ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು, ನಾನು ಹೊಸಬರಿಗೆ ಹೊಸ ಫಾರ್ಮುಗಳನ್ನು ಹಂಚಿದೆ. ಎರಡು ತಿಂಗಳಾದ ಮೇಲೆ ವ್ಯಾನಿನಲ್ಲಿ ತೂಕಡಿಸುತ್ತಿದ್ದಾಗ ಫೋನಿಗೆ ಅವರ ಮೆಸೇಜ್ ಬಂತು.

"ಇವತ್ತು ನಡೆದೆ, ಮೇಡಂ. ಹತ್ತೊಂಬತ್ತನೆಯ ಮನೆಯವರೆಗೆ ಹೋಗಿ ವಾಪಸ್ ಬಂದೆ."