ಆಲ್ಬಿನಾ ಸಿಸ್ಟರ್ ಓದಿ ಹೇಳಿದ ಪೊಟ್ಟಣ

ಸೇನೆಯ ಲಾರಿಗಳು ಮಧ್ಯಾಹ್ನದ ನಂತರದ ನಮಾಜು ಮುಗಿಯುವ ಹೊತ್ತಿಗೆ ಬರುತ್ತಿದ್ದವು. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಆಲ್ಬಿನಾ ಲೋಬೊ ಅವರಿಗೆ ಮೈ ಉರಿಯುತ್ತಿತ್ತು.

ಲಾರಿಯ ಹಿಂಭಾಗದಲ್ಲಿ ನಿಂತ ಬಿಳಿಯ ಸೈನಿಕರು ಹಿಡಿ ಹಿಡಿಯಾಗಿ ಮಿಠಾಯಿಯ ಪೊಟ್ಟಣಗಳನ್ನು ಎಸೆಯುತ್ತಿದ್ದರು. ಒಮ್ಮೆ ಎಡಕ್ಕೆ ಎಸೆದರೆ ಊರಿನ ಮಕ್ಕಳೆಲ್ಲ ಎಡಕ್ಕೆ ಓಡುವರು. ಬಲಕ್ಕೆ ಎಸೆದರೆ ಬಲಕ್ಕೆ. ಅಂಗಳದಲ್ಲಿ ಕೋಳಿಗಳಿಗೆ ನುಚ್ಚು ಚೆಲ್ಲುವವರೂ ಇಷ್ಟು ಆಟವಾಡಿಸುವುದಿಲ್ಲ. ಇಬ್ಬರು ಮೂವರ ಕೈಯಲ್ಲಿ ಕ್ಯಾಮೆರಾ ಇರುತ್ತಿತ್ತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದಾಗಲೇ ಅವರು ಚಿತ್ರ ತೆಗೆಯುತ್ತಿದ್ದರು.

ಇದು 1990ರ ಡಿಸೆಂಬರ್ ತಿಂಗಳ ಮಾತು. ಕುವೈತಿನಲ್ಲಿ ಯುದ್ಧ ಇಂದೋ ನಾಳೆಯೋ ಎನ್ನುವಂತಿತ್ತು. ಒಮಾನಿನ ಸೂರ್ ಪಟ್ಟಣದಿಂದ ದಕ್ಷಿಣಕ್ಕೆ ಎರಡು ಗಂಟೆಯ ದಾರಿಯಲ್ಲಿರುವ ಆ ಮೀನುಗಾರರ ಊರಿನ ಪಕ್ಕದ ಬಯಲಿನಲ್ಲಿ ಹೊರದೇಶದ ಸೇನೆ ಡೇರೆ ಹಾಕಿತ್ತು. ಊರಿನ ಸಣ್ಣ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಆಲ್ಬಿನಾ ಒಬ್ಬರೇ ನರ್ಸ್. ಹುಟ್ಟೂರು ಉಡುಪಿಯ ಹತ್ತಿರದ ಶಿರ್ವ. ಮಂಗಳೂರಿನಲ್ಲಿ ಕಲಿತು, 1983ರಲ್ಲಿ ಒಮಾನಿಗೆ ಬಂದು, ಎರಡು ವರ್ಷ ನಿಜ್ವಾದಲ್ಲಿ ದುಡಿದು ಈ ಊರಿಗೆ ವರ್ಗವಾದವರು. ಗಂಡ ಕ್ಯಾಸ್ಮಿರ್ ರಾಜಧಾನಿಯ ಬಳಿಯ ಬೌಷರ್‌ನ ಒಂದು ಕಂಪನಿಯಲ್ಲಿ ಗುಮಾಸ್ತರು. ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು, "ನಿನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರ್ತದೆ" ಎಂದು ನಗಾಡಿ ಹೋಗುತ್ತಿದ್ದರು.

ಆ ಊರಿನವರು ಆಲ್ಬಿನಾ ಅವರಿಗೆ ಒಂದು ವಿಚಿತ್ರವಾದ ಹೊಣೆ ಹೊರಿಸಿದ್ದರು. ಅಂಗಡಿಗೆ ಹೊಸ ಡಬ್ಬಿ ಬರಲಿ, ಬಿಸ್ಕತ್ತು ಬರಲಿ, ಇಂಗ್ಲಿಷ್ ಬರೆದಿದ್ದರೆ ಅದು ಮೊದಲು ಸಿಸ್ಟರ್ ಮೇಜಿಗೆ ಬರಬೇಕು; ಅದರಲ್ಲಿ ಹಂದಿಯದ್ದೇನಾದರೂ ಇದೆಯೇ ಎಂದು ಅವರು ಓದಿ ಹೇಳಬೇಕು. ಈ ಪದ್ಧತಿ ಶುರುಮಾಡಿದವಳು ಜೋಖಾ ಎಂಬ ಮುದುಕಿ. ಊರಿನ ಹೆಂಗಸರಿಗೆಲ್ಲ ಅವಳ ಮಾತೇ ಮಾತು.

"ಈ ಸಿಸ್ಟರ್ ಆ ಪ್ರಾಣಿಯನ್ನು ತಿನ್ನುವವಳು. ಅದರ ಗುರುತು ಇವಳಿಗಿಂತ ಚೆನ್ನಾಗಿ ಯಾರಿಗೆ ಸಿಗುತ್ತದೆ?" ಎಂದು ಅವಳು ಎಲ್ಲರೆದುರು ಹೇಳಿದ್ದಳು. ಆಲ್ಬಿನಾ ಅವರಿಗೆ ನಗು ತಡೆಯಲಾಗಿರಲಿಲ್ಲ. ಕ್ರಿಸ್ಮಸ್ಸಿಗೆ ಶಿರ್ವದ ಮನೆಯಲ್ಲಿ ಬೇಯುವ ಹಂದಿಮಾಂಸ ಇಲ್ಲಿ ಹೀಗೊಂದು ಮರ್ಯಾದೆ ತಂದುಕೊಟ್ಟೀತೆಂದು ಅವರು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆದರೆ ಜೋಖಾಳ ನಂಬಿಕೆ ಸುಲಭಕ್ಕೆ ದೊರೆತದ್ದಲ್ಲ. ಅವಳ ಮೊಮ್ಮಗಳು ಮೋಝಾ. ಎರಡು ವರ್ಷಗಳ ಹಿಂದೆ ಪೋಲಿಯೊ ಹಬ್ಬಿದಾಗ, ಹನಿ ಹಾಕಿಸಿಕೊಂಡಿದ್ದ ಆ ಹುಡುಗಿಯ ಬಲಗಾಲೇ ಸೊರಗಿಹೋಯಿತು. "ನಿಮ್ಮ ಹನಿಯಿಂದ ಏನಾಯಿತು?" ಎಂದು ಜೋಖಾ ಬಾಗಿಲು ಮುಚ್ಚಿದ್ದಳು. ಅದನ್ನು ಮತ್ತೆ ತೆರೆಯಿಸಲು ಆಲ್ಬಿನಾ ಒಂದೂವರೆ ವರ್ಷ ಅವಳ ಜಗಲಿಯಲ್ಲಿ ಕುಳಿತು ಕಾಫಿ ಕುಡಿದಿದ್ದರು. ಈಗ ಬುಧವಾರ ಮತ್ತೆ ಹನಿ ಹಾಕುವ ದಿನ. ಪಟ್ಟಿಯಲ್ಲಿ ಅರವತ್ತೊಂದು ಮಕ್ಕಳಿದ್ದರು. ಜೋಖಾಳ ಎಂಟು ತಿಂಗಳ ಮೊಮ್ಮಗ ಸುಲೈಮನ ಹೆಸರು ಎಲ್ಲರಿಗಿಂತ ಮೇಲಿತ್ತು. ಅವನು ಬಂದರೆ ಊರು ಬರುತ್ತದೆ. ಅವನು ಬರದಿದ್ದರೆ ಯಾರೂ ಬರುವುದಿಲ್ಲ.

ಹೀಗಿರುವಾಗ ಆ ಮಿಠಾಯಿ ಬಂತು. ಕರಡಿಮರಿಯ ಆಕಾರದ, ಹಿಚುಕಿದರೆ ಮೆತ್ತಗಾಗುವ ಬಣ್ಣಬಣ್ಣದ ಮಿಠಾಯಿ. ಮೊದಲ ದಿನವೇ ಮಕ್ಕಳು ಪೊಟ್ಟಣ ಹಿಡಿದು ಓಡಿಬಂದಿದ್ದರು. ಆಲ್ಬಿನಾ ಕನ್ನಡಕ ಏರಿಸಿ ಓದಿದರು. ಸಕ್ಕರೆ, ಬಣ್ಣ, ಹುಳಿ, ಜೆಲಾಟಿನ್. ಜೆಲಾಟಿನ್ ಎಂದರೆ ಅವರಿಗೆ ಗೊತ್ತಿದ್ದದ್ದು ಔಷಧದ ಕ್ಯಾಪ್ಸೂಲಿನ ಹೊದಿಕೆ. ಮಾಂಸದ ಹೆಸರೆಲ್ಲಿದೆ ಇದರಲ್ಲಿ? "ತಿನ್ನಿ, ಆದರೆ ಹಲ್ಲು ತಿಕ್ಕಿ" ಎಂದರು.

ಅವರ ಆಗಿನ ಸಿಟ್ಟೆಲ್ಲ ಎಸೆಯುವ ರೀತಿಯ ಮೇಲೆ. ಒಂದು ಸಂಜೆ ಕೆಂಗೂದಲಿನ ಒಬ್ಬ ಸೈನಿಕ ಲಾರಿಯಿಂದ ಇಳಿದು, ಎಲ್ಲರಿಗಿಂತ ಹಿಂದೆ ಕುಂಟುತ್ತ ಬರುತ್ತಿದ್ದ ಮೋಝಾಳನ್ನು ಕರೆದ. ಪೊಟ್ಟಣವನ್ನು ಅವಳ ತಲೆಯ ಮೇಲೆತ್ತಿ ಹಿಡಿದು "ಜಂಪ್! ಜಂಪ್!" ಎಂದ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡ ಹುಡುಗಿ ಎಲ್ಲಿಂದ ಹಾರಬೇಕು? ಅವಳು ಕೈ ಮೇಲೆತ್ತಿ ನಗುತ್ತ ನಿಂತಳು. ಕೊನೆಗೆ ಅವನೇ ಎರಡು ಪೊಟ್ಟಣ ಕೊಟ್ಟು, ಹೆಗಲ ಮೇಲೆ ಕೈಹಾಕಿ ಕುಳಿತ. ಗೆಳೆಯ ಚಿತ್ರ ತೆಗೆದ. ಆ ಹುಡುಗ ಕೆಟ್ಟವನೇನಲ್ಲ. ಅವನ ಮನೆಯಲ್ಲಿಯೂ ಒಬ್ಬ ತಂಗಿ ಇದ್ದಿರಬೇಕು. ಹಾಗೆಂದುಕೊಂಡಷ್ಟೂ ಆಲ್ಬಿನಾ ಅವರ ಸಿಟ್ಟು ಏರಿತು. ಆ ತಂಗಿಯನ್ನು ಅವನು ಹೀಗೆ ಹಾರಿಸುತ್ತಿದ್ದನೇ?

ಶನಿವಾರ ಭೋಜರಾಜ ಕೈ ಸುಟ್ಟುಕೊಂಡು ಬಂದ. ಕಟಪಾಡಿಯ ಈ ತರುಣ ಡೇರೆಯ ಅಡುಗೆ ಉಗ್ರಾಣದಲ್ಲಿ ಕಂಟ್ರಾಕ್ಟರನ ಆಳು. ಉಡುಪಿ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ರೂಢಿಯಂತೆ ಆಲ್ಬಿನಾ ಅವರನ್ನು ಬಾಯಮ್ಮ ಎನ್ನುತ್ತಿದ್ದ. ಪಟ್ಟಿ ಕಟ್ಟಿಸಿಕೊಳ್ಳುವಾಗ ಅವನ ಕಣ್ಣು ಮೇಜಿನ ಮೇಲಿದ್ದ ಖಾಲಿ ಪೊಟ್ಟಣಕ್ಕೆ ಬಿತ್ತು.

"ಬಾಯಮ್ಮ, ಇದನ್ನು ಇಲ್ಲಿಯ ಮಕ್ಕಳು ತಿಂತಾರಾ?"

"ಊರಿಡೀ ತಿಂತದೆ. ಓದಿ ಹೇಳಿದ್ದೇ ನಾನು. ಯಾಕೆ?"

"ಅಯ್ಯೋ ಮಾರಾಯ್ರೆ! ಅದು ಹಂದಿ ಚರ್ಮದ ಜೆಲಾಟಿನ್. ಸಣ್ಣ ಪೊಟ್ಟಣದಲ್ಲಿ ಬರೆದಿಲ್ಲ, ದೊಡ್ಡ ಪೆಟ್ಟಿಗೆ ಮೇಲೆ ಉಂಟು. ಮುಸ್ಲಿಂ ಕೆಲಸಗಾರರ ಮೆಸ್ಸಿಗೆ ಈ ಪೆಟ್ಟಿಗೆ ಹೋಗಬಾರದು ಅಂತ ಉಗ್ರಾಣದಲ್ಲಿ ಚೀಟಿ ಅಂಟಿಸಿದ್ದಾರೆ."

"ಚೀಟಿಯಾ?"

"ಇಷ್ಟು ದೊಡ್ಡ ಚೀಟಿ. ಬಾಯಮ್ಮ, ಕೈ... ಕೈ ಬಿಗೀತಾ ಉಂಟು!"

ಆಲ್ಬಿನಾ ಪಟ್ಟಿ ಸಡಿಲಿಸಿದರು. ಅಂದರೆ ಡೇರೆಯವರಿಗೆ ಗೊತ್ತಿತ್ತು! ಪಾತ್ರೆ ತೊಳೆಯುವವನ ನಂಬಿಕೆ ಕೆಡದಂತೆ ಚೀಟಿ ಅಂಟಿಸಿದವರು, ಅದೇ ಪೆಟ್ಟಿಗೆ ಒಡೆದು ಅವನ ಧರ್ಮದವರ ಮಕ್ಕಳ ಬಾಯಿಗೆ ಸುರಿದಿದ್ದರು.

ವಾರಕ್ಕೆರಡು ಸಲ ಸೂರ್‌ನಿಂದ ಬರುತ್ತಿದ್ದ ಡಾಕ್ಟರರಿಗೆ ಇದನ್ನು ಊರಿಗೆ ತಿಳಿಸಬೇಕೆಂದು ಹೇಳಿದರೆ, ಅವರು ಬಾಗಿಲು ಮುಚ್ಚಿ ಬಂದರು. "ಸಿಸ್ಟರ್, ನಿಮಗೆ ತಲೆ ಸರಿ ಇದೆಯೇ? ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಬುಧವಾರ ಮುಗಿಯಲಿ."

"ಅಷ್ಟರವರೆಗೆ ತಿನ್ನುತ್ತಿರಲಿಯೇ?"

"ಅರವತ್ತೊಂದು ಮಕ್ಕಳ ಕಾಲು ಮುಖ್ಯವೋ, ನಾಲ್ಕು ಮಿಠಾಯಿಯೋ?"

ಮರುದಿನ ಆಲ್ಬಿನಾ ಡೇರೆಗೆ ಹೋದರು. ಅಲ್ಲಿಯ ಅಧಿಕಾರಿ ಕುರ್ಚಿ ಕೊಟ್ಟ, ತಂಪು ಪಾನೀಯ ತರಿಸಿದ, ಎಲ್ಲವನ್ನೂ ಕೇಳಿಸಿಕೊಂಡ.

"ಆ ಚೀಟಿ ಅಂಟಿಸಿದವರು ಯಾರು?" ಎಂದರು ಆಲ್ಬಿನಾ.

"ನಾನೇ. ಕೆಲಸಗಾರರ ಭಾವನೆಗಳನ್ನು ನಾವು ಗೌರವಿಸುತ್ತೇವೆ."

"ಮಕ್ಕಳದ್ದು?"

ಅವನು ನಕ್ಕ. "ಮಕ್ಕಳು ಮಕ್ಕಳೇ ಅಲ್ಲವೇ? ನಮ್ಮ ಹುಡುಗರು ಮನೆ ಬಿಟ್ಟು ನಾಲ್ಕು ತಿಂಗಳಾಯಿತು. ಈ ಮಕ್ಕಳ ನಗುಮುಖ ನೋಡಿದರೆ ಅವರಿಗೊಂದು ನೆಮ್ಮದಿ."

"ನಿಮ್ಮ ಹುಡುಗರ ನೆಮ್ಮದಿಗೆ ನಮ್ಮ ಊರಿನ ಮಕ್ಕಳು ಓಡಿ ಬೀಳಬೇಕೇ?"

"ಸಿಟ್ಟಾಗಬೇಡಿ, ಸಿಸ್ಟರ್. ಬುಧವಾರ ನಿಮ್ಮಲ್ಲಿ ಹನಿ ಹಾಕುವುದಿದೆಯಂತೆ. ಎರಡು ಪೆಟ್ಟಿಗೆ ಮಿಠಾಯಿ ಕಳುಹಿಸುತ್ತೇನೆ, ಒಬ್ಬ ಫೋಟೋಗ್ರಾಫರನನ್ನೂ. ಮಕ್ಕಳು ಇನ್ನೂ ಹೆಚ್ಚು ಬರುತ್ತಾರೆ."

ಆಲ್ಬಿನಾ ಎದ್ದು ನಿಂತರು. ಮುಟ್ಟದ ಪಾನೀಯವನ್ನು ಅವನ ಕಡೆಗೆ ಸರಿಸಿದರು. "ಬುಧವಾರ ನಿಮ್ಮ ಒಂದು ಚಕ್ರವೂ ನನ್ನ ಬಾಗಿಲ ಮುಂದೆ ಉರುಳಕೂಡದು," ಎಂದು ಹೊರಬಂದರು.

ಸೋಮವಾರ ಬೆಳಿಗ್ಗೆ ಜೋಖಾ ಕಡಲ ತಡಿಯಲ್ಲಿ ಒಣಹಾಕಿದ ಬೂತಾಯಿ ಮೀನನ್ನು ಮಗುಚುತ್ತಿದ್ದಳು. ಆಲ್ಬಿನಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ತಮ್ಮ ಆಸ್ಪತ್ರೆಯ ಅರಬ್ಬಿಯಲ್ಲಿ, ಸುತ್ತಿ ಬಳಸದೆ ಹೇಳಿದರು. ಮುದುಕಿಯ ಕೈ ನಿಂತಿತು. ಆ ಊರಿನ ಹೆಂಗಸರು ಹಾಕುವ ಬಟ್ಟೆಯ ಮುಖವಾಡದ ಸಂದಿನಿಂದ ಎರಡು ಕಣ್ಣುಗಳು ಮಾತ್ರ ಕಾಣುತ್ತಿದ್ದವು.

"ತಿನ್ನುವವಳಿಗೇ ಗೊತ್ತಾಗಲಿಲ್ಲವೇ?"

"ಗೊತ್ತಾಗಲಿಲ್ಲ, ಅಮ್ಮ."

"ಎಷ್ಟು ದಿನ ತಿಂದರು?"

"ಹನ್ನೊಂದು ದಿನ."

"ಹನಿಯಿಂದ ಕಾಲು ಗಟ್ಟಿಯಾಗುತ್ತದೆ ಎಂದಿರಿ. ನನ್ನ ಹುಡುಗಿಯ ಕಾಲು ಹೋಯಿತು. ಮಿಠಾಯಿಯಲ್ಲಿ ಏನೂ ಇಲ್ಲ ಎಂದೆ. ಈಗ ಹೀಗೆ ಹೇಳುತ್ತೀಯೆ. ಬುಧವಾರ ಮತ್ತೆ ಹನಿ ಹಿಡಿದುಕೊಂಡು ಕೂರುತ್ತೀಯಾ?"

"ಕೂರುತ್ತೇನೆ."

"ಖಲಾಸ್. ಏಳು ಇಲ್ಲಿಂದ."

ಆಲ್ಬಿನಾ ಎದ್ದರು, ಆದರೆ ಮನೆಗೆ ಹೋಗಲಿಲ್ಲ. ಊರಿನ ಒಂದೊಂದು ಮನೆಯ ಬಾಗಿಲಲ್ಲಿಯೂ ನಿಂತು ಅದನ್ನೇ ಹೇಳಿದರು: ನಾನು ಓದಿದ್ದು ತಪ್ಪಾಯಿತು, ಆ ಮಿಠಾಯಿಯಲ್ಲಿ ಹಂದಿಯದ್ದಿದೆ, ಕೊಡಬೇಡಿ. ಕೆಲವರು ಬೈದರು. ಒಬ್ಬ ತಾಯಿ ಅಲ್ಲೇ ಮಗನ ಬಾಯಿಗೆ ಬೆರಳು ಹಾಕಿ ತೊಳೆಯತೊಡಗಿದಳು. ಆ ಮಗು ಅಳುವುದನ್ನು ನೋಡುತ್ತ ನಿಂತಾಗ, ತಮ್ಮ ಮೇಲಿನ ಸಿಟ್ಟೂ ಆ ನಗುವ ಅಧಿಕಾರಿಯ ಮೇಲಿನ ಸಿಟ್ಟೂ ಆಲ್ಬಿನಾ ಅವರಲ್ಲಿ ಒಂದೇ ಆದವು. ಅವರು ಮುಂದಿನ ಬಾಗಿಲು ತಟ್ಟಿದರು.

ಮಂಗಳವಾರ ಲಾರಿ ಬಂದಾಗ ರಸ್ತೆಯಲ್ಲಿ ಒಂದು ಮಗುವೂ ಇರಲಿಲ್ಲ. ಸೈನಿಕರು ಹಾರ್ನ್ ಹೊಡೆದರು. ಮತ್ತೊಮ್ಮೆ ಹೊಡೆದರು. ಕೆಂಗೂದಲಿನವನು ಕೆಳಗಿಳಿದು ಮುಚ್ಚಿದ ಬಾಗಿಲುಗಳನ್ನು ಪಿಳಿಪಿಳಿ ನೋಡಿದ. ಆಲ್ಬಿನಾ ಎದುರು ಹೋಗಿ ನಿಂತರು.

"ಎಲ್ಲಿ ನನ್ನ ಪುಟ್ಟ ಗೆಳತಿ?" ಎಂದ ಅವನು.

ಆಲ್ಬಿನಾ ಹೇಳಿದರು. ಅವನ ಮುಖ ಕೂದಲಿಗಿಂತ ಕೆಂಪಾಯಿತು. "ನಮಗೆ ಯಾರೂ ಹೇಳಲಿಲ್ಲ, ಮ್ಯಾಡಮ್."

"ನೀವು ಯಾರೂ ಕೇಳಲೂ ಇಲ್ಲ. ಅವಳ ಹೆಸರನ್ನಾದರೂ ಕೇಳಿದ್ದೀಯಾ?"

ಅವನು ಕೇಳಿರಲಿಲ್ಲ. ತಲೆತಗ್ಗಿಸಿ ಲಾರಿ ಹತ್ತಿದ.

ಬುಧವಾರ ಎಂಟು ಗಂಟೆಗೆ ಆಲ್ಬಿನಾ ಹನಿಯ ಸೀಸೆಗಳಿದ್ದ ಮಂಜುಗಡ್ಡೆಯ ಪೆಟ್ಟಿಗೆ ತೆರೆದು ಕುಳಿತರು. ಒಂಬತ್ತಾಯಿತು, ಹತ್ತಾಯಿತು. ಬೆಂಚು ಖಾಲಿ. ಡಾಕ್ಟರರು ಕಿಟಕಿಯ ಬಳಿ ಅತ್ತಿಂದಿತ್ತ ನಡೆಯುತ್ತ, "ನಾನು ಮೊದಲೇ ಹೇಳಿದ್ದೆ, ಹೇಳಿದ್ದೆ," ಎಂದು ಗೊಣಗುತ್ತಿದ್ದರು.

"ಹೇಳಿದ್ದಿರಿ," ಎಂದರು ಆಲ್ಬಿನಾ. "ಈಗ ಸ್ವಲ್ಪ ಸುಮ್ಮನೆ ಕೂತುಕೊಳ್ಳಿ."

ಹನ್ನೊಂದು ದಾಟಿದ ಮೇಲೆ ಜೋಖಾ ಬಂದಳು. ಸೊಂಟದ ಮೇಲೆ ಸುಲೈಮ. ಹಿಂದೆ ದೂರದಲ್ಲಿ, ಗೋಡೆಯ ನೆರಳಿನಲ್ಲಿ, ಕಪ್ಪು ಬಟ್ಟೆಯ ಹೆಂಗಸರ ಗುಂಪು. ಅವರು ಒಳಗೆ ಬರಲಿಲ್ಲ. ನೋಡುತ್ತ ನಿಂತರು.

"ಓದು," ಎಂದಳು ಜೋಖಾ, ಹನಿಯ ಸೀಸೆಯನ್ನು ತೋರಿಸಿ.

ಆಲ್ಬಿನಾ ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿ ಒಂದೊಂದೇ ಹೆಸರು ಓದಿ, ತಿಳಿದದ್ದನ್ನು ವಿವರಿಸಿದರು. ಕೊನೆಗೆ ಎರಡು ಹೆಸರುಗಳ ಹತ್ತಿರ ತಡೆದು ನಿಂತರು. ಏನಾದರೂ ಹೇಳಿಬಿಡಿ ಎಂಬಂತೆ ಡಾಕ್ಟರರು ಕಣ್ಸನ್ನೆ ಮಾಡಿದರು.

"ಈ ಎರಡು ಏನೆಂದು ನನಗೆ ಗೊತ್ತಿಲ್ಲ," ಎಂದರು ಆಲ್ಬಿನಾ. "ಇದು ಹಾಕದಿದ್ದರೆ ಏನಾದೀತೆಂಬುದು ಗೊತ್ತು. ಹಾಕಿದರೂ ನೂರಕ್ಕೆ ನೂರು ಕಾಯುತ್ತದೆಂದು ನಾನು ಹೇಳಲಾರೆ, ಮೋಝಾ ಇದ್ದಾಳೆ."

"ಗೊತ್ತಿಲ್ಲ ಎಂದೆಯಾ?"

"ಗೊತ್ತಿಲ್ಲ."

"ಈ ಮಾತನ್ನು ಆವತ್ತು ಮಿಠಾಯಿ ತಂದಾಗ ಹೇಳಿದ್ದರೆ ನಿನ್ನ ಗಂಟು ಹೋಗುತ್ತಿತ್ತೇ?" ಎಂದಳು ಜೋಖಾ.

ಆಮೇಲೆ ಕುರ್ಚಿಯಲ್ಲಿ ಕುಳಿತು, ಮಗುವನ್ನು ಮಡಿಲಲ್ಲಿ ಅಂಗಾತ ಮಲಗಿಸಿ, ಎರಡು ಬೆರಳುಗಳಿಂದ ಅವನ ಕೆನ್ನೆ ಒತ್ತಿ ಹಿಡಿದಳು. "ಯಲ್ಲಾ, ಬೇಗ ಹಾಕು. ನನ್ನ ಸಿಟ್ಟು ಇಳಿಯಿತೆಂದು ಎಣಿಸಬೇಡ."

ಎರಡು ಹನಿ ಬಿದ್ದವು. ಸುಲೈಮ ಮುಖ ಹುಳ್ಳಗೆ ಮಾಡಿಕೊಂಡು ಚೀರಿದ. ಗೋಡೆಯ ಬಳಿಯ ಗುಂಪು ಮೆಲ್ಲಗೆ ಅಲುಗಿತು.

ಅಂದು ಸಂಜೆಯೊಳಗೆ ನಲವತ್ತನಾಲ್ಕು ಮಕ್ಕಳು ಬಂದರು. ಉಳಿದ ಹದಿನೇಳು ಮಕ್ಕಳ ಮನೆಗಳಿಗೆ ಆಲ್ಬಿನಾ ಮೂರು ವಾರ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ತಿರುಗಿದರು. ಹದಿನಾಲ್ಕು ಮಕ್ಕಳಿಗೆ ಹನಿ ಬಿತ್ತು. ಮೂವರ ಮನೆಯ ಬಾಗಿಲು ತೆರೆಯಲೇ ಇಲ್ಲ.

ಯುದ್ಧ ಮುಗಿದು ಬೇಸಗೆಯ ಹೊತ್ತಿಗೆ ಡೇರೆ ಎದ್ದುಹೋಯಿತು. ಸೈನಿಕರು ನಗುವ ಮಕ್ಕಳ ಚಿತ್ರಗಳನ್ನು ತಮ್ಮ ತಮ್ಮ ಊರಿಗೆ ಒಯ್ದರು. ಆಲ್ಬಿನಾ 1996ರವರೆಗೆ ಅಲ್ಲಿಯೇ ಇದ್ದರು. ಆ ಮೂವರಿಗೆ ದೇವರ ದಯೆಯಿಂದ ಏನೂ ಆಗಲಿಲ್ಲ. ಆದರೂ ಆ ಮಕ್ಕಳಲ್ಲಿ ಯಾರಾದರೂ ರಸ್ತೆಯಲ್ಲಿ ಎದುರಾದರೆ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು, ಹಲ್ಲು ಕಚ್ಚಿ, ಆ ಮಗು ತಿರುವಿನಲ್ಲಿ ಮರೆಯಾಗುವವರೆಗೂ ಅದರ ಕಾಲುಗಳನ್ನೇ ನೋಡುತ್ತ ನಿಲ್ಲುತ್ತಿದ್ದರು.